ವಾರದ ಹಾಳೆ ಯಾರು ತುಂಬಬೇಕು?

ಪ್ರಶ್ನೆ: ನಮ್ಮದು ಮಂಡ್ಯ. ಮಗ ಮೂರನೇ ಕ್ಲಾಸ್, ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಪ್ರತಿ ಶುಕ್ರವಾರ ವಾಟ್ಸಾಪ್‌ನಲ್ಲಿ ಮುಂದಿನ ವಾರದ ಹಾಳೆ ಬರುತ್ತದೆ. ಯಾವ ದಿನ ಯಾವ ಪಾಠ, ಏನು ಹೋಂವರ್ಕ್, ಏನು ಆಕ್ಟಿವಿಟಿ ಎಲ್ಲ ಅದರಲ್ಲಿರುತ್ತದೆ. ದಿನಾ ಸಂಜೆ ಎರಡು ಗಂಟೆ ಕೂತರೂ ಮುಗಿಯಲ್ಲ. ಕೊನೆಗೆ ನಾನೇ ಹೇಳಿ ಬರೆಸುತ್ತೇನೆ, ಇಬ್ಬರಿಗೂ ಅಳು ಬರುತ್ತದೆ. ಕಳೆದ ವಾರ ಕನ್ನಂಬಾಡಿ ಕಟ್ಟೆಯ ಮಾಡೆಲ್ ಮಾಡಿ ತರಲು ಹೇಳಿದ್ದರು. ನಮ್ಮ ಯಜಮಾನರು ರಾತ್ರಿ ಹನ್ನೊಂದರವರೆಗೆ ಥರ್ಮಕೋಲ್ ಕತ್ತರಿಸಿದರು. ಮಗ ಆಗಲೇ ಮಲಗಿದ್ದ. ಇತ್ತ ನನ್ನ ಅಕ್ಕನ ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸ್. ಅವಳಿಗೆ ಹೋಂವರ್ಕೇ ಇಲ್ಲ. ಅ ಆ ಇ ಈ ಹೇಳು ಅಂದರೆ 'ರ ಗ ಸ ದ ಅ' ಅನ್ನುತ್ತಾಳೆ. ಯಾವುದು ಸರಿ? ನಾವು ಮನೆಯಲ್ಲಿ ಏನು ಮಾಡಬೇಕು?

ಉತ್ತರ: ನೇರ ಉತ್ತರ ಮೊದಲು ಕೊಡುತ್ತೇನೆ. ಮೂರನೇ ತರಗತಿಯ ಮಗುವಿಗೆ ಹೆಚ್ಚೆಂದರೆ 2 ಗಂಟೆ ಹೋಂವರ್ಕ್. ದಿನಕ್ಕಲ್ಲ, ವಾರಕ್ಕೆ. ಇದು ನನ್ನ ಸ್ವಂತ ಲೆಕ್ಕ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲೇ ಹೀಗಿದೆ. ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಬೇಡ. ಮೂರರಿಂದ ಐದನೇ ತರಗತಿಗೆ ವಾರಕ್ಕೆ 2 ಗಂಟೆ ಮೀರಬಾರದು. ಐದು ದಿನಕ್ಕೆ ಹಂಚಿದರೆ ದಿನಕ್ಕೆ 24 ನಿಮಿಷ. ನಿಮ್ಮ ಮಗ ಒಂದು ಸಂಜೆ ಮಾಡುತ್ತಿರುವುದು ಇಡೀ ವಾರದ ಕೆಲಸ.

ಇನ್ನೊಂದು ಲೆಕ್ಕ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಆ 200 ದಿನವೂ ಸಂಜೆ ಎರಡೆರಡು ಗಂಟೆ ಕೂತರೆ 400 ಗಂಟೆ ಆಯಿತು. ಅಂದರೆ ಶಾಲೆಯ ಅರ್ಧದಷ್ಟು ಇನ್ನೊಂದು ಶಾಲೆ ನಿಮ್ಮ ಮನೆಯಲ್ಲಿ ನಡೆಯುತ್ತಿದೆ. ಅದಕ್ಕೆ ಟೀಚರ್ ನೀವು, ಅದೂ ಒಲೆ ಮೇಲೆ ಸಾರು ಇಟ್ಟುಕೊಂಡು. ಇಬ್ಬರಿಗೂ ಅಳು ಬರುವುದರಲ್ಲಿ ತಪ್ಪೇನಿದೆ? ತಪ್ಪು ನಿಮ್ಮದೂ ಅಲ್ಲ, ಮಗುವಿನದೂ ಅಲ್ಲ.

ಹಾಗಂತ ವಾರದ ಹಾಳೆಯೇ ಬೇಡ ಅಂತ ನಾನು ಹೇಳಲ್ಲ. ವಾರದ ಕಲಿಕೆ ಏನು ಅಂತ ಮೊದಲೇ ಗೊತ್ತಾದರೆ ಒಳ್ಳೆಯದೇ. ನಾನು ಮೈಸೂರು ಜಿಲ್ಲೆಯಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆ ಮಕ್ಕಳಿಗೆ ಪಾಠ ಮಾಡಿದವಳು, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಟ್ಟವಳು. ಚಿಕ್ಕ ಮಕ್ಕಳಿಗೆ ಒಂದು ವಾರ ಅನ್ನುವುದು ಬಹಳ ಸರಿಯಾದ ಅಳತೆ. ಒಂದು ದಿನದಲ್ಲಿ ಏನೂ ಗಟ್ಟಿಯಾಗಲ್ಲ. ಒಂದು ತಿಂಗಳು ಅವರಿಗೆ ತುಂಬಾ ದೂರ. ನೀವು ಆ ಹಾಳೆಯನ್ನು ಹಿಡಿದು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ನನ್ನ ಮಗ ಒಬ್ಬನೇ ಕೂತು ಮಾಡಬಲ್ಲದ್ದು ಯಾವುದು? ಅದು ಹೋಂವರ್ಕ್. ಅಮ್ಮ ಹೊಸದಾಗಿ ಕಲಿಸಿದರೆ ಮಾತ್ರ ಆಗುವುದು ಹೋಂವರ್ಕ್ ಅಲ್ಲ, ಅದು ತರಗತಿಯಲ್ಲಿ ಉಳಿದುಹೋದ ಪಾಠ. ಅಪ್ಪ ಥರ್ಮಕೋಲ್ ಕತ್ತರಿಸಿದರೆ ಮಾತ್ರ ಆಗುವುದು ಮಗುವಿನ ಆಕ್ಟಿವಿಟಿಯೇ ಅಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತು ಹೊಸ ಪದ ಕೊಟ್ಟು 'ಒಂದೊಂದನ್ನೂ ಹತ್ತತ್ತು ಸಲ ಬರ್ಕೊಂಡು ಬನ್ನಿ' ಅನ್ನುತ್ತಿದ್ದೆ. ನನಗೂ ನಮ್ಮ ಮೇಷ್ಟ್ರು ಹಾಗೇ ಹೇಳಿದ್ದರು. ಒಂದು ದಿನ ಮಳೆ ಜಾಸ್ತಿಯಾಗಿ ಸಂಜೆ ಮಕ್ಕಳು ಶಾಲೆಯಲ್ಲೇ ಉಳಿದರು. ಜಗಲಿ ಮೇಲೆ ಒಬ್ಬ ಹುಡುಗಿ ಹೋಂವರ್ಕ್ ಬರೆಯುತ್ತಿದ್ದಳು. ಪದ 'ಪುಸ್ತಕ'. ಅವಳು ಮೊದಲು ಮೇಲಿಂದ ಕೆಳಗೆ ಹತ್ತು 'ಪು' ಬರೆದಳು. ಆಮೇಲೆ ಪಕ್ಕದಲ್ಲಿ ಹತ್ತು 'ಸ'. ಆಮೇಲೆ ಹತ್ತಕ್ಕೂ ಒಟ್ಟಿಗೆ ತ ಒತ್ತು ಇಳಿಸಿದಳು. ಕೊನೆಗೆ ಹತ್ತು 'ಕ'. ಹೊಲದಲ್ಲಿ ಸಾಲು ಹಿಡಿದು ನಾಟಿ ಹಾಕುವಂತೆ. ಎರಡೇ ನಿಮಿಷಕ್ಕೆ ಹತ್ತು ಪುಸ್ತಕ ಮುಗಿಯಿತು, ಅಕ್ಷರ ಮುದ್ದಾಗಿತ್ತು. ಪಕ್ಕದಲ್ಲಿ ಕೂತು 'ಏನು ಬರೆದೆ, ಓದು' ಅಂದೆ. ಅವಳಿಗೆ ಓದೋಕೆ ಬರಲಿಲ್ಲ. ಅವಳು 'ಪುಸ್ತಕ' ಅನ್ನುವ ಪದವನ್ನು ಒಂದು ಸಲವೂ ಬರೆದಿರಲಿಲ್ಲ. ನನ್ನ ಎಷ್ಟು ಮಕ್ಕಳ ಎಷ್ಟು ಸಂಜೆ ಹೀಗೆ ಹೋಗಿರಬಹುದು ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಮಗನ ನೋಟ್‌ಬುಕ್ ತೆಗೆದು ನೋಡಿ. ಹತ್ತು ಸಲ ಬರೆದಿರುವಲ್ಲಿ ಅಕ್ಷರಗಳು ಕಂಬದ ಹಾಗೆ ಒಂದರ ಕೆಳಗೊಂದು ನೆಟ್ಟಗೆ ನಿಂತಿವೆಯೇ? ಹಾಗಿದ್ದರೆ ಅವನೂ ಹಾಗೇ ಬರೆದಿದ್ದಾನೆ. ಹತ್ತು ಸಲದ ಬದಲು ಮೂರು ಸಲ ಸಾಕು, ಆದರೆ ಬೇರೆ ಬೇರೆ ದಿನ. ಸೋಮವಾರ ನೋಡಿಕೊಂಡು ಒಂದು ಸಲ. ಬುಧವಾರ ಪುಸ್ತಕ ಮುಚ್ಚಿ ಒಂದು ಸಲ. ಶುಕ್ರವಾರ ತನ್ನದೇ ಒಂದು ವಾಕ್ಯದಲ್ಲಿ ಒಂದು ಸಲ.

ಇದಕ್ಕೆ ಕಾರಣ ಇದೆ. ಕಲಿತದ್ದನ್ನು ನಾವು ಎಷ್ಟು ಬೇಗ ಮರೆಯುತ್ತೇವೆ ಅಂತ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟರು. ಮೊದಲ ಒಂದೆರಡು ದಿನದಲ್ಲೇ ಹೆಚ್ಚಿನದು ಜಾರಿಹೋಗುತ್ತದೆ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ನಡುವೆ ದಿನ ಬಿಟ್ಟು ನೆನಪು ಮಾಡಿಕೊಂಡರೆ ಹೆಚ್ಚು ಉಳಿಯುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇದು: ಇವತ್ತು ಮಾಡಿದ ಪಾಠದ ಹೋಂವರ್ಕ್ ಇವತ್ತೇ ಕೊಡಬಾರದು. ಮೂರು ನಾಲ್ಕು ದಿನ ಹಿಂದಿನದ್ದು ಕೊಡಬೇಕು. ಇವತ್ತಿನ ಪಾಠ ಮಗುವಿಗೆ ಇನ್ನೂ ಅರ್ಧ ಬೆಂದ ಅನ್ನ. ಅದನ್ನು ಮನೆಗೆ ಕಳಿಸಿದರೆ ಬೇಯಿಸುವ ಕೆಲಸ ಅಮ್ಮನ ಮೇಲೆ ಬೀಳುತ್ತದೆ.

ಹೋಂವರ್ಕ್ ಕಮ್ಮಿ ಮಾಡಿದರೆ ಅಂಕ ಕಮ್ಮಿ ಬರುತ್ತೆ ಅನ್ನುವ ಭಯ ನಿಮ್ಮನ್ನೂ ಕಾಡುತ್ತಿರಬಹುದು. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಈ ವಿಷಯದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು. ಹೈಸ್ಕೂಲ್ ಮಕ್ಕಳಲ್ಲಿ ಹೋಂವರ್ಕ್‌ಗೂ ಅಂಕಕ್ಕೂ ಸಂಬಂಧ ಕಾಣಿಸಿತು. ಚಿಕ್ಕ ಮಕ್ಕಳಲ್ಲಿ ಅದು ತೀರಾ ಕಮ್ಮಿ.

ಹಾಗಾದರೆ ಆ 24 ನಿಮಿಷದಲ್ಲಿ ಏನು ಮಾಡಿಸಬೇಕು? ನನ್ನನ್ನು ಕೇಳಿದರೆ ಅರ್ಧ ಓದು, ಅದೂ ಕನ್ನಡ ಓದು. ಇಂಗ್ಲಿಷ್ ಮೀಡಿಯಂ ಆದರೂ ಇದನ್ನೇ ಹೇಳುತ್ತೇನೆ. ಮಗುವಿಗೆ ಗೊತ್ತಿರುವ ಮಾತಿನಲ್ಲಿ ಓದು ಬಂದರೆ ಇನ್ನೊಂದು ಭಾಷೆಗೆ ಅದು ಹಾದಿ. ಕನ್ನಡದಲ್ಲಿ ಕಾಗುಣಿತ ದಾಟಿದ ಮೇಲೆ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ಮೂರನೇ ತರಗತಿಯಲ್ಲಿ ಎಡವಿದರೆ ಗಾಬರಿ ಬೇಡ. ಅದು ಗಟ್ಟಿಯಾಗಲು ನಾಲ್ಕನೇ ತರಗತಿವರೆಗೂ ಸಮಯ ಹಿಡಿಯುತ್ತದೆ.

ಇದಕ್ಕೆ ಪುಸ್ತಕವೇ ಬೇಕು ಅಂತಿಲ್ಲ. ಮಂಡ್ಯ ಬಸ್ ಸ್ಟ್ಯಾಂಡ್‌ನಲ್ಲಿ ಹತ್ತು ನಿಮಿಷ ನಿಲ್ಲಿ. ಬಸ್ಸಿನ ಬೋರ್ಡ್ ಓದಿಸಿ. ನಿಮ್ಮ ಜಿಲ್ಲೆಯ ಏಳು ತಾಲ್ಲೂಕಿನ ಹೆಸರೇ ಒಂದು ಒತ್ತಕ್ಷರದ ಪಾಠ. ಮಂಡ್ಯದಲ್ಲಿ ಯ ಒತ್ತು. ಮದ್ದೂರಿನಲ್ಲಿ ದ ಒತ್ತು. ಮಳವಳ್ಳಿಯಲ್ಲಿ ಳ ಒತ್ತು. ಕೃಷ್ಣರಾಜಪೇಟೆಯಲ್ಲಿ ಣ ಒತ್ತು. ಶ್ರೀರಂಗಪಟ್ಟಣದಲ್ಲಿ ಎರಡು, ರ ಒತ್ತು ಮತ್ತು ಟ ಒತ್ತು. ಪಾಂಡವಪುರ, ನಾಗಮಂಗಲಕ್ಕೆ ಮಾತ್ರ ಒತ್ತಿಲ್ಲ. 'ಒತ್ತಿಲ್ಲದ ತಾಲ್ಲೂಕು ಯಾವುದು, ಹುಡುಕು ನೋಡೋಣ' ಅಂತ ಕೇಳಿ. ಏಳೂ ಹೆಸರನ್ನು ಅವನೇ ಬರೆದುಕೊಂಡು ಗುರುತು ಹಾಕುತ್ತಾನೆ. 'ತಾಲ್ಲೂಕು' ಅನ್ನುವುದರಲ್ಲೇ ಒಂದು ಒತ್ತಿದೆ ಅಂತ ಅವನೇ ನಿಮಗೆ ತೋರಿಸಿದರೆ ಆ ದಿನದ ಕೆಲಸ ಮುಗಿಯಿತು.

ಲೆಕ್ಕದಲ್ಲಿ ಈ ವಯಸ್ಸಿನವರು ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ, ದಶಕ ಬಿಚ್ಚಿ ಕಳೆಯುವುದು. 52ರಲ್ಲಿ 27 ಕಳೆ ಅಂದರೆ 35 ಅಂತ ಬರೆಯುತ್ತಾರೆ. ಯಾಕೆ ಗೊತ್ತಾ? ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದುಬಿಡುತ್ತಾರೆ. ಇದು ಅಜಾಗರೂಕತೆ ಅಲ್ಲ, ಯೋಚಿಸಿ ಮಾಡಿದ ತಪ್ಪು. 'ಸರಿಯಾಗಿ ನೋಡು' ಅಂತ ಗದರಿದರೆ ಪ್ರಯೋಜನವಿಲ್ಲ, ಯಾಕೆಂದರೆ ಅವನ ಪ್ರಕಾರ ಸರಿಯಾಗಿಯೇ ನೋಡಿದ್ದಾನೆ. ಹಂಚಿಕಡ್ಡಿ ಮುರಿದು ಹತ್ತತ್ತರ ಕಟ್ಟು ಕಟ್ಟಿಸಿ. ಐದು ಕಟ್ಟು, ಎರಡು ಬಿಡಿ ಕಡ್ಡಿ. ಈಗ ಏಳು ಬಿಡಿ ಕಡ್ಡಿ ಕೇಳಿ. ಕೈಯಲ್ಲಿ ಎರಡೇ ಇವೆ. ಸುಮ್ನೆ ಕಾಯಿರಿ, ಏನೂ ಹೇಳಬೇಡಿ. ಸ್ವಲ್ಪ ಹೊತ್ತು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಕಿತ್ತು ಹಾಕುತ್ತಾನೆ. ಕಬ್ಬಿನ ಜಲ್ಲೆಯನ್ನು ಕಟ್ಟು ಕಟ್ಟಿ ಗಾಡಿಗೆ ಹೇರುವುದನ್ನು ನೋಡಿ ಬೆಳೆದ ಮಂಡ್ಯದ ಮಗುವಿಗೆ ಕಟ್ಟು ಬಿಚ್ಚುವುದು ಹೊಸದೇನಲ್ಲ. ಪುಸ್ತಕದಲ್ಲಿ ಐದನ್ನು ಹೊಡೆದು ಮೇಲೆ ನಾಲ್ಕು ಬರೆಯುವುದು ಇದೇ ಅಂತ ಅವನಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ. ನಾಲ್ಕೇ ಲೆಕ್ಕ ಕಡ್ಡಿಯಲ್ಲಿ ಮಾಡಿಸಿ, ಅದನ್ನೇ ಬರೆಸಿ. ನಲವತ್ತು ಲೆಕ್ಕ ಬೇಡ.

ಇನ್ನು ಆಕ್ಟಿವಿಟಿ. ನನಗೆ ಅತಿ ಹೆಚ್ಚು ಬೇಸರ ತಂದದ್ದು ನಿಮ್ಮ ಪತ್ರದ ಈ ಭಾಗ. ಕನ್ನಂಬಾಡಿ ಕಟ್ಟೆ ವಿಷಯವಾಗಿ ಎಷ್ಟು ಚೆನ್ನಾಗಿದೆ! ಆ ಟೀಚರ್ ಆರಿಸಿದ್ದು ಸರಿಯಾದದ್ದೇ. ಮಂಡ್ಯದ ಗದ್ದೆಗೆ ನೀರು ಬರುವುದೇ ಅಲ್ಲಿಂದ. 1911ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಕಟ್ಟೆ. ಆದರೆ ಥರ್ಮಕೋಲಿಗೆ ನೀಲಿ ಬಣ್ಣ ಬಳಿದರೆ ಮಗುವಿಗೆ ಅದರಲ್ಲಿ ಏನು ಸಿಗುತ್ತದೆ? ಅಂಗಡಿಯವರಿಗೆ ವ್ಯಾಪಾರ, ಅಪ್ಪನಿಗೆ ನಿದ್ದೆಗೇಡು. ಶಾಲೆಯ ಶೋಕೇಸ್‌ನಲ್ಲಿ ಎರಡು ದಿನ ಇದ್ದು ಮೂರನೇ ದಿನ ಕಸಕ್ಕೆ ಹೋಗುತ್ತದೆ.

ಅದೇ ಕಟ್ಟೆಯನ್ನು ಮಗು ತಾನೇ ಮಾಡುವ ಒಂದು ವಾರದ ಕೆಲಸ ಮಾಡಬಹುದು. ನಮ್ಮ ಕಡೆಯ ಪತ್ರಿಕೆಗಳಲ್ಲಿ ಕಟ್ಟೆಯ ನೀರಿನ ಮಟ್ಟ ಹಾಕುತ್ತಾರೆ ಅಲ್ವಾ? ಪೂರ್ತಿ ತುಂಬಿದರೆ 124.80 ಅಡಿ ಅನ್ನುವುದು ಮಂಡ್ಯದಲ್ಲಿ ಟೀ ಅಂಗಡಿಯಲ್ಲಿ ಕೂತವರಿಗೂ ಬಾಯಿಪಾಠ. ಮುಂಗಾರಿನ ದಿನಗಳಲ್ಲಿ ಒಂದು ವಾರ ದಿನಾ ಆ ಅಂಕಿಯನ್ನು ಅವನೇ ಹುಡುಕಿ ಬರೆಯಲಿ. ಚುಕ್ಕಿಯ ಆಚೆಗಿನದು ಬಿಟ್ಟುಬಿಡಲಿ, ಅಡಿ ಮಾತ್ರ ಸಾಕು. ಒಂದು ಹಾಳೆಯಲ್ಲಿ ಏಳು ಮನೆ ಗೀಚಿ ಒಂದೊಂದು ದಿನಕ್ಕೆ ಒಂದೊಂದು ಕಂಬ ಬರೆದು ಬಣ್ಣ ಹಚ್ಚಲಿ. ವಾರದ ಕೊನೆಗೆ ಎಷ್ಟು ಏರಿತು ಅಂತ ಕಳೆದು ನೋಡಲಿ. ತುಂಬಲು ಇನ್ನೆಷ್ಟು ಅಡಿ ಬೇಕು ಅಂತ 124ರಿಂದ ಕಳೆಯಲಿ. ಮೂರಂಕಿಯ ಕಳೆಯುವ ಲೆಕ್ಕ ಅಲ್ಲೇ ಇದೆ, ದಶಕ ಬಿಚ್ಚುವುದೂ ಬರಬಹುದು. ನಾಲೆಗೆ ನೀರು ಬಿಟ್ಟ ದಿನ ತಾತ ಏನು ಮಾಡುತ್ತಿದ್ದರು ಅಂತ ಕೇಳಿ ನಾಲ್ಕು ವಾಕ್ಯ ಬರೆಯಲಿ. ತೂಬು, ಕಾಲುವೆ, ನಾಟಿ, ಹದ ಅನ್ನುವ ಮಾತುಗಳು ಆ ನಾಲ್ಕು ವಾಕ್ಯದಲ್ಲಿ ತಾವಾಗಿಯೇ ಬರುತ್ತವೆ. ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್. ದಿನಕ್ಕೆ ಐದೇ ನಿಮಿಷ.

ಕಂಬ ಒಂದಕ್ಕೊಂದು ಸೊಟ್ಟಗಿರುತ್ತದೆ, ಬಣ್ಣ ಗೆರೆ ದಾಟಿರುತ್ತದೆ. ತಿದ್ದಲು ಹೋಗಬೇಡಿ. ಸೊಟ್ಟ ಕಂಬ ನೋಡಿದ ಟೀಚರಿಗೆ ಮಗು ಎಲ್ಲಿದೆ ಅಂತ ಗೊತ್ತಾಗುತ್ತದೆ. ನೀವು ತಿದ್ದಿ ಕಳಿಸಿದ ಹಾಳೆಯಲ್ಲಿ ನೀವು ಎಲ್ಲಿದ್ದೀರಿ ಅಂತ ಮಾತ್ರ ಗೊತ್ತಾಗುತ್ತದೆ.

ಈಗ ನಿಮ್ಮ ಅಕ್ಕನ ಮಗಳ ವಿಷಯ. ಅವಳ ಬಗ್ಗೆ ಚಿಂತೆ ಬೇಡವೇ ಬೇಡ. ಅವಳು ಕಲಿಯುತ್ತಿರುವುದು ನಲಿ-ಕಲಿ, ಅಂದರೆ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಅದು ಹುಟ್ಟಿದ್ದೇ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಶಾಲೆಗಳ ಪದ್ಧತಿ ನೋಡಿ ಬಂದರು. ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನು ತಾವೇ ಕೂತು ಮಾಡಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು ತಾಲ್ಲೂಕಿನ ಸಾಮಾನ್ಯ ಶಿಕ್ಷಕರು ಮಾಡಿದ ಕೆಲಸ ಇಡೀ ನಾಡಿಗೆ ಹೋಯಿತು ಅನ್ನುವುದು ನನಗೆ ಈಗಲೂ ಹೆಮ್ಮೆ.

'ರ ಗ ಸ ದ ಅ' ಯಾಕೆ ಅಂತ ಹೇಳುತ್ತೇನೆ. ಅ ಆ ಇ ಈ ಕಲಿತ ಮಗು ಆ ನಾಲ್ಕು ಅಕ್ಷರದಿಂದ ಯಾವ ಪದ ಓದಬಲ್ಲದು? 'ಆ', 'ಈ' ಬಿಟ್ಟರೆ ಏನೂ ಇಲ್ಲ. ರ, ಗ, ಸ, ದ, ಅ ಕಲಿತ ಮಗು ನೋಡಿ: ಸರ, ರಸ, ದರ, ಅಗಸ, ಅರಸ, ಗರಗಸ, ಸರಸರ. ನಮ್ಮ 'ದಸರ' ಕೂಡ. ಐದೇ ಅಕ್ಷರಕ್ಕೆ ಇಷ್ಟು ಪದ. ಬರೆಯಲೂ ಇವು ಸುಲಭ, ದುಂಡಗೆ ಒಂದೇ ಥರ ತಿರುಗುತ್ತವೆ. ಇದಾದ ಮೇಲೆ ಜ ವ ಮ ಬ ನ ಬರುತ್ತದೆ. ವರ್ಣಮಾಲೆಯ ಸಾಲನ್ನೂ ಅವಳು ಮುಂದೆ ಕಲಿಯುತ್ತಾಳೆ. ಅಲ್ಲಿ ಮಕ್ಕಳು ಕಲಿಕೆಯ ಏಣಿಯಲ್ಲಿ, ಅಂದರೆ ಪಾಠಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿದ ಪಟ್ಟಿಯಲ್ಲಿ, ತಮ್ಮ ಕಾರ್ಡ್ ಯಾವುದು ಅಂತ ತಾವೇ ನೋಡಿ ತೆಗೆದುಕೊಳ್ಳುತ್ತಾರೆ. ಜ್ವರ ಬಂದು ಒಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಿಮ್ಮ ಮಗನ ವಾರದ ಹಾಳೆಯಲ್ಲಿ ಇಲ್ಲದ್ದು ಇದೇ. ಅವನು ಹಿಂದೆ ಬಿದ್ದರೂ ಹಾಳೆ ಮುಂದಿನ ಪಾಠಕ್ಕೆ ಹೋಗಿಬಿಡುತ್ತದೆ. ಹಾಗಂತ ನಲಿ-ಕಲಿ ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತಲ್ಲ. ಒಬ್ಬರೇ ಟೀಚರ್ ಇದ್ದು ಮಕ್ಕಳು ಜಾಸ್ತಿ ಇದ್ದ ಕಡೆ ಕಾರ್ಡ್ ತಟ್ಟೆಯಲ್ಲೇ ಉಳಿಯುವುದನ್ನೂ ನೋಡಿದ್ದೇನೆ. ನಿಮ್ಮ ಅಕ್ಕನಿಗೆ ಹೇಳಿ, ಅ ಆ ಇ ಈ ಹೇಳಿಸುವ ಬದಲು ಒಂದು ಸ್ಲೇಟಿನ ಮೇಲೆ 'ಗರಗಸ' ಅಂತ ಬರೆದು ಓದಿಸಲಿ. ಓದಿದರೆ ಆ ಶಾಲೆಯಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆ.

ಕೊನೆಯದಾಗಿ ಶಾಲೆಯ ಜೊತೆ ಹೇಗೆ ಮಾತಾಡುವುದು. ಟೀಚರ್ ಮೇಲೆ ಕೋಪ ಬೇಡ. ಅವರ ಮೇಲೂ ಒತ್ತಡ ಇರುತ್ತದೆ, ಹೋಂವರ್ಕ್ ಕಮ್ಮಿ ಆಯ್ತು ಅಂತ ದೂರು ಕೊಡುವ ಪೋಷಕರೂ ಇದ್ದಾರೆ. ನಾಳೆಯಿಂದ ಒಂದು ಕೆಲಸ ಮಾಡಿ. ಹೋಂವರ್ಕ್ ಶುರು ಮಾಡುವಾಗ ಗಡಿಯಾರ ನೋಡಿ. 25 ನಿಮಿಷಕ್ಕೆ ನಿಲ್ಲಿಸಿ. ಎಲ್ಲಿಗೆ ನಿಂತಿತೋ ಅಲ್ಲಿ ಗೆರೆ ಎಳೆದು ಮಗನ ಪುಸ್ತಕದಲ್ಲೇ ಬರೆಯಿರಿ: 'ಇವತ್ತು 25 ನಿಮಿಷ ಒಬ್ಬನೇ ಕೂತು ಮಾಡಿದ. ಮೂರನೇ ಲೆಕ್ಕದಲ್ಲಿ ಸಿಕ್ಕಿಕೊಂಡ. ನಾನು ಹೇಳಿಕೊಟ್ಟಿಲ್ಲ.' ಕೆಳಗೆ ನಿಮ್ಮ ಸಹಿ. ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ. ನಾನು ಟೀಚರ್ ಆಗಿದ್ದಾಗ ಪೂರ್ತಿ ಸರಿಯಾದ ಹೋಂವರ್ಕ್‌ಗಿಂತ ಇಂಥ ಒಂದು ಸಾಲು ನನಗೆ ಹೆಚ್ಚು ಕೆಲಸಕ್ಕೆ ಬರುತ್ತಿತ್ತು. ಮೂವತ್ತು ಮಕ್ಕಳಲ್ಲಿ ಎಂಟು ಜನ ಮೂರನೇ ಲೆಕ್ಕದಲ್ಲೇ ನಿಂತಿದ್ದರೆ ಮರುದಿನ ನಾನು ಮತ್ತೆ ಏನು ಪಾಠ ಮಾಡಬೇಕು ಅಂತ ಗೊತ್ತಾಗುತ್ತಿತ್ತು.

ಮೊದಲ ವಾರ ಮಗನಿಗೆ ಭಯ ಆಗಬಹುದು, ಮಿಸ್ ಬೈತಾರೆ ಅಂತ. ಮೊದಲೇ ಟೀಚರಿಗೆ ಫೋನ್ ಮಾಡಿ ಹೀಗೆ ಮಾಡುತ್ತಿದ್ದೇನೆ ಅಂತ ಹೇಳಿಬಿಡಿ, ಮಗನ ಎದುರಿಗೇ ಮಾತಾಡಿ. ಶಾಲೆಯಿಂದ ಬಂದ ತಕ್ಷಣ ಪುಸ್ತಕ ತೆಗೆಸಬೇಡಿ. ಒಂದು ಗಂಟೆ ಆಡಲಿ, ಏನಾದರೂ ತಿನ್ನಲಿ. 'ಇವತ್ತು ಏನು ಕಲಿತೆ' ಅಂತ ಕೇಳಿದರೆ 'ಏನೂ ಇಲ್ಲ' ಅನ್ನುತ್ತಾನೆ, ಎಲ್ಲ ಮಕ್ಕಳೂ ಹಾಗೇ. 'ಇವತ್ತು ಮಿಸ್ ಬೋರ್ಡ್ ಮೇಲೆ ಯಾವ ಚಿತ್ರ ಬರೆದ್ರು', 'ಯಾರು ತಪ್ಪು ಉತ್ತರ ಹೇಳಿದ್ರು, ಆಮೇಲೆ ಏನಾಯ್ತು' ಅಂತ ಕೇಳಿ ನೋಡಿ. ಬಾಯಿ ಬಿಡುತ್ತಾನೆ.

ಹೀಗೆ ನಾಲ್ಕು ವಾರ ಬರೆದಿಡಿ. ಮುಂದಿನ ಪೋಷಕರ ಸಭೆಗೆ ಹೋಗುವಾಗ ಅದೇ ಪುಸ್ತಕ ಹಿಡಿದುಕೊಂಡು ಹೋಗಿ, ಜೊತೆಗೆ ಕಟ್ಟೆಯ ನೀರಿನ ಆ ಏಳು ಸೊಟ್ಟ ಕಂಬದ ಹಾಳೆಯನ್ನೂ. 2020ರ ನೀತಿಯಲ್ಲಿ ವಾರಕ್ಕೆ 2 ಗಂಟೆ ಅಂತ ಇರುವುದನ್ನು ಮೆಲ್ಲಗೆ ಹೇಳಿ, ನಾಲ್ಕು ವಾರದ ನಿಮಿಷಗಳನ್ನು ತೋರಿಸಿ. ಹಾಳೆಯ ಬಗ್ಗೆ ಮಾತ್ರ ನೀವು ಮಾತಾಡಬೇಡಿ, ಮಗನೇ ಟೀಚರಿಗೆ ಹೇಳಲಿ, ಯಾವ ದಿನ ಕಟ್ಟೆಗೆ ಎಷ್ಟು ಅಡಿ ನೀರು ಬಂತು ಅಂತ.